ಎರಡು ಬಾಯಿಯ ನೀರಿನಲ್ಲಿ ಗರಿಗಾಳ

ಆ ಶುಕ್ರವಾರಕ್ಕೆಂದು ನಾನು ಹದಿನಾಲ್ಕು ಗಾಳಕ್ಕೆ ಕೋಳಿಗರಿ ಕಟ್ಟಿದ್ದೆ. ಮೀನು ಬಿದ್ದದ್ದು ಒಂದಕ್ಕೆ. ಆ ಒಂದು ಮೀನಿನ ಹಿಂದೆ ಒಬ್ಬ ಮನುಷ್ಯ ಹೋಗುವುದರಲ್ಲಿದ್ದ. ಅದು ಹೇಗಾಯಿತು ಎಂದು ವರ್ಕ್‌ಶಾಪಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ದೋಣಿಯಲ್ಲಿ ಇದ್ದದ್ದು ಮೂವರು. ಅದರಲ್ಲಿ ನಾನು ಒಬ್ಬಳು. ಕಂಡದ್ದನ್ನು ಹೇಳುತ್ತೇನೆ.

ಗಲ್ಫಿನ ಮುಸಫ್ಫಾದಲ್ಲಿ ನಮ್ಮ ಉಡುಪಿ ಕಡೆಯ ಧಣಿಗಳದ್ದು ಫೈಬರ್ ದೋಣಿ ರಿಪೇರಿಯ ವರ್ಕ್‌ಶಾಪ್. ಅಲ್ಲಿನ ಮೆಸ್ಸಿನಲ್ಲಿ ನಾನು ಅಡುಗೆಯವಳು. ಧಣಿಗಳಿಗೆ ಸ್ವಂತದ್ದೊಂದು ಸಣ್ಣ ದೋಣಿ ಇತ್ತು. ರಜೆಯ ದಿನ ಗುರುತಿನವರು ಯಾರಾದರೂ ಗಾಳ ಹಾಕಬೇಕು ಎಂದರೆ ಕೊಡುತ್ತಿದ್ದರು. ನಡೆಸುವವನು ಮಲ್ಪೆಯ ತಾಂಡೇಲ. ಬೋಟು ನಡೆಸುವವನನ್ನು ನಮ್ಮಲ್ಲಿ ಹಾಗೆ ಕರೆಯುವುದು. ನನ್ನನ್ನು ಮೊದಮೊದಲು ಕರೆದುಕೊಂಡು ಹೋದದ್ದು ಮೀನು ಕೊಯ್ದು ಅಲ್ಲೇ ಸಾರು ಮಾಡಲಿಕ್ಕೆ. ಆಮೇಲೆ ನೀರು ನೋಡಲಿಕ್ಕೆ. ಊರಿನಲ್ಲಿ ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ನಾನು ಮೂವತ್ತು ವರ್ಷ ಸೊಂಟಮಟ್ಟ ನೀರಿನಲ್ಲಿ ನಿಂತು ಮರುವಾಯಿ ಚಿಪ್ಪು ಹೆಕ್ಕಿದವಳು. ತಿಥಿ ಯಾವುದೆಂದು ಗೊತ್ತಿದ್ದರೆ ಭರತ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಇಲ್ಲಿ ಹೊತ್ತು ಬೇರೆ, ಅದು ಗೊತ್ತಿತ್ತು. ಆದರೆ ನೊರೆ ನೋಡಿ ಹೇಳುವುದು ಎಲ್ಲ ಕಡೆ ಒಂದೇ ಎಂದುಕೊಂಡಿದ್ದೆ. ಮೂರು ಸಲ ತಾಂಡೇಲನ ಹತ್ತಿರವಿದ್ದ ಉಬ್ಬರದ ಪಟ್ಟಿಗಿಂತ ನನ್ನ ಮಾತೇ ಸರಿಯಾಗಿತ್ತು. ನಾಲ್ಕನೆಯದು ಇದು.

ಆ ಸಲ ಬಂದವರು ಮೈಸೂರಿನವರೊಬ್ಬರು. ದುಬೈಯ ಜುಮೇರಾ ಲೇಕ್ ಟವರ್ಸ್‌ನಲ್ಲಿ ಆಫೀಸು, ಅಲ್ ಬರ್ಷಾದಲ್ಲಿ ಮನೆ. ಐವತ್ತರ ಹತ್ತಿರದ ಪ್ರಾಯ. ಧಣಿಗಳಿಗೆ ಹೇಗೋ ಪರಿಚಯ. ವರ್ಷವೂ ಬೇಸಿಗೆ ರಜೆಯಲ್ಲಿ ಹಿಮಾಲಯದ ಕಡೆ ಹೋಗಿ, ಐಸಿನಂಥ ಹೊಳೆಗಳಲ್ಲಿ ನಿಂತು ಟ್ರೌಟ್ ಎಂಬ ಮೀನಿಗೆ ಗಾಳ ಹಾಕುವ ಹುಚ್ಚು ಅವರಿಗೆ. ಆ ವರ್ಷ ರಜೆ ಸಿಕ್ಕಿರಲಿಲ್ಲ. ಹಿಂದಿನ ವಾರ ಮೆಸ್ಸಿಗೆ ಬಂದು ಮೇಜಿನ ಮೇಲೆ ಒಂದು ಡಬ್ಬಿ ಬಿಚ್ಚಿದರು. ಒಳಗೆ ನೊಣದಷ್ಟು ನೊಣದಷ್ಟು ಗಾಳ. ಒಂದೊಂದಕ್ಕೂ ಗರಿ, ಕೂದಲು, ಬಣ್ಣದ ದಾರ.

"ಮೀನು ಇದನ್ನ ಹುಳ ಅಂದ್ಕೊಂಡು ಬಾಯಿ ಹಾಕುತ್ತೆ ಅಮ್ಮ. ಇದೊಂದು ದೊಡ್ಡ ಕಲೆ" ಎಂದರು.

"ನಮ್ಮ ಅಪ್ಪ ಕೋಳಿ ಪುಕ್ಕ ಕಟ್ಟುತ್ತಿದ್ದರು. ಕಲೆ ಗಿಲೆ ಎಂತದೂ ಇರ್ಲಿಲ್ಲ. ಮನೆಯಲ್ಲಿ ಸಾರಿಗೆ ಮೀನು ಇರ್ಲಿಲ್ಲ, ಹಾಗೆ ಕಟ್ಟಿದ್ದು" ಎಂದೆ.

ತಾಂಡೇಲ ನಕ್ಕ. ಅವರೂ ನಕ್ಕರು. ನಾನು ಒಂದು ಗಾಳ ತೆಗೆದು ಎರಡು ಬೆರಳಲ್ಲಿ ಒತ್ತಿದೆ. ಬಾಗಿತು.

"ಇಲ್ಲಿನ ಮೀನಿಗೆ ಇದು ಹಲ್ಲು ಕುತ್ತುವ ಕಡ್ಡಿ ಸರ್" ಎಂದೆ.

ಹಾಗಾಗಿ ಗಾಳ ಕಟ್ಟುವ ಕೆಲಸ ನನಗೆ ಬಂತು. ತಾಂಡೇಲ ದಪ್ಪ ಗಾಳ ತಂದುಕೊಟ್ಟ, ಉಪ್ಪುನೀರಿಗೆ ತುಕ್ಕು ಹಿಡಿಯದ್ದು. ವರ್ಕ್‌ಶಾಪಿನ ಸಣ್ಣ ವೈಸಿಗೆ ಗಾಳದ ಕೊಕ್ಕನ್ನು ಕಚ್ಚಿಸಿ, ದಾರ ಪೋಣಿಸುವ ಕಣ್ಣಿನಿಂದ ಹಿಂದಕ್ಕೆ ದಾರ ಸುತ್ತಿದೆ. ಕತ್ತಿನ ಹತ್ತಿರ ತೆಳುವಾದ ಸೀಸದ ತಂತಿ ನಾಲ್ಕು ಸುತ್ತು. ಹರಿವು ಜೋರಿದ್ದಾಗ ಬರೀ ಗರಿ ನೀರಿನ ಮೇಲೆಯೇ ಓಡುತ್ತದೆ, ಮೀನು ಅಡಿಯಲ್ಲೇ ಇರುತ್ತದೆ, ಭಾರ ಬೇಕು. ಅದರ ಮೇಲೆ ಬಿಸ್ಕತ್ ಪ್ಯಾಕೆಟಿನ ಬೆಳ್ಳಿ ಕಾಗದ. ಬಾಲಕ್ಕೆ ಹುಂಜದ ಕುತ್ತಿಗೆಯ ಬಿಳಿ ಗರಿ ಎರಡು, ಒಂದಕ್ಕೊಂದು ಬೆನ್ನು ಹಾಕಿ. ಗಂಟಿನ ಮೇಲೆ ಉಗುರಿಗೆ ಹಚ್ಚುವ ಬಣ್ಣ. ಬೂತಾಯಿ ಮೀನಿನ ಮರಿಯ ಹಾಗೆ ಕಾಣುತ್ತಿತ್ತು. ಕಣ್ಣು ಸರಿ ಕಾಣದೆ ಎರಡು ಹಾಳಾಯಿತು, ಹದಿನಾಲ್ಕು ಉಳಿಯಿತು.

ಹುಣ್ಣಿಮೆ ಕಳೆದ ಮರುದಿನ ಅದು. ನೀರಿಗೆ ಅತಿ ಹೆಚ್ಚು ಬಲ ಇರುವ ದಿನ. ಆಗಸ್ಟ್ ತಿಂಗಳ ಸೆಕೆ. ಬೆಳಿಗ್ಗೆ ಆರಕ್ಕೆ ದೋಣಿ ಬಿಡುವಾಗಲೇ ಗಾಳಿ ಒಲೆಯ ಮುಂದೆ ಕೂತ ಹಾಗಿತ್ತು. ಕಡಲು ಅಲುಗದೆ ಎಣ್ಣೆಯಂತೆ ಬಿದ್ದಿತ್ತು. ದಾರಿಯಲ್ಲಿ ತಾಂಡೇಲ ಹೇಳಿದ, "ಅಕ್ಕ, ನಾವು ಹೋಗುವ ಕಾಲುವೆಯ ಮೂಡಣ ಕಡೆ ಹೂಳು ತೆಗೆದಿದ್ದಾರಂತೆ. ದೊಡ್ಡ ಮೆಷಿನ್ ನಿಂತದ್ದು ನಾನೇ ಕಂಡೆ."

"ತೆಗೀಲಿ. ನಮಗೆಂತ" ಎಂದೆ.

ನಾವು ಹೋದದ್ದು ಒಂದು ಉದ್ದ ದ್ವೀಪದ ಹಿಂದಿನ ಕಾಲುವೆಗೆ. ಒಂದು ದಂಡೆಗೆ ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡದ ಕಾಡು, ನಡುವೆ ನೀರಿನ ಅಡಿಯಲ್ಲಿ ಒಂದು ಮರಳ ದಿಬ್ಬ. ದಿಬ್ಬ ಸುಮಾರು ಇನ್ನೂರು ಹೆಜ್ಜೆ ಉದ್ದ, ಅಗಲ ನಾಲ್ಕು ಹೆಜ್ಜೆ. ಎರಡೂ ಪಕ್ಕ ಆಳ. ದ್ವೀಪದ ಪಡುವಣ ತುದಿಯಿಂದ ಕಡಲ ನೀರು ಒಳಗೆ ಬರುತ್ತದೆ, ಅಲ್ಲಿಂದಲೇ ವಾಪಸ್ ಹೋಗುತ್ತದೆ. ಮೂಡಣ ತುದಿ ಹೂಳು ತುಂಬಿ ಮುಚ್ಚಿದ ಹಾಗೇ ಇತ್ತು. ನಾನು ಕಂಡ ಮೂರು ಸಲವೂ ಹಾಗೆಯೇ.

ದಿಬ್ಬದ ಮೂಡಣ ತುದಿಯ ಹತ್ತಿರ ತಾಂಡೇಲ ಲಂಗರು ಇಳಿಸಿದ. ಅದು ಅವನ ಪದ್ಧತಿ, ಒಳ್ಳೆಯ ಪದ್ಧತಿಯೇ. ಯಾರಾದರೂ ನೀರಿಗಿಳಿದರೆ ಹರಿವಿನ ಕೆಳಗಡೆ ದೋಣಿ ನಿಲ್ಲಿಸುವುದು. ಕಾಲು ಜಾರಿದರೆ ನೀರೇ ಅವರನ್ನು ದೋಣಿಗೆ ತಂದು ಕೊಡುತ್ತದೆ.

ನೀರು ಭಾರೀ ಜೋರಿತ್ತು. ಲಂಗರಿನ ಹಗ್ಗ ವೀಣೆಯ ತಂತಿಯ ಹಾಗೆ ನಡುಗುತ್ತಿತ್ತು. ದಿಬ್ಬದ ಅಂಚಿನಲ್ಲಿ ಓಡುವ ನೀರಿಗೂ ನಿಂತ ನೀರಿಗೂ ನಡುವೆ ಒಂದು ಗೆರೆ ಎದ್ದಿತ್ತು, ಸೀರೆಯ ಅಂಚಿನ ಹಾಗೆ. ಮೈಸೂರಿನವರು ಅದನ್ನೇ ನೋಡುತ್ತ ಕೂತರು.

"ಹಿಮ ಕರಗಿ ಹೊಳೆ ತುಂಬಿದಾಗ ಟ್ರೌಟ್ ಕೂಡ ಹೀಗೇ ಅಮ್ಮ. ನಡುನೀರಲ್ಲಿ ನಿಲ್ಲೋಕಾಗಲ್ಲ, ಅಂಚಿಗೆ ಬಂದ್ಬಿಡುತ್ತೆ. ಆ ಗೆರೆ ಮೇಲೆ ಗರಿ ಬಿದ್ರೆ ಸಾಕು."

"ಸರಿಯೇ. ನಮ್ಮಲ್ಲೂ ಅಂಚೇ" ಎಂದೆ. ಅಷ್ಟರ ಮಟ್ಟಿಗೆ ಅವರು ತಿಳಿದವರು.

ದೋಣಿಯಿಂದಲೇ ಎಸೆದರು. ಅವರ ಕೋಲು ಉದ್ದ, ಸಪೂರ. ದಾರವೇ ದಪ್ಪ, ದಾರದ ಭಾರದಲ್ಲಿ ಗಾಳ ಹೋಗಬೇಕು. ಹಿಂದಕ್ಕೆ ಒಮ್ಮೆ, ಮುಂದಕ್ಕೆ ಒಮ್ಮೆ ಬೀಸಿ ಬಿಟ್ಟರೆ ಗೆರೆಗೆ ಹತ್ತು ಹೆಜ್ಜೆ ಮೊದಲೇ ಬೀಳುತ್ತಿತ್ತು. ಬಿದ್ದದ್ದನ್ನು ನೀರು ಎಳೆದುಕೊಂಡು ದೋಣಿಯ ಅಡಿಗೆ ತರುತ್ತಿತ್ತು. ಒಂಬತ್ತು ಗಂಟೆಯೊಳಗೆ ಆರು ಗಾಳ ಹೋಯಿತು. ಮೂರು ಕಾಂಡ್ಲಾ ಬೇರಿಗೆ, ಎರಡು ಲಂಗರಿನ ಹಗ್ಗಕ್ಕೆ, ಒಂದು ನನ್ನ ಸೆರಗಿಗೆ.

"ಇವತ್ತು ದೊಡ್ಡ ಮೀನು ಸಿಕ್ಕಿತು ಸರ್" ಎಂದ ತಾಂಡೇಲ ನನ್ನನ್ನು ನೋಡಿ.

"ಮುದಿ ಮೀನು. ಮುಳ್ಳು ಜಾಸ್ತಿ" ಎಂದು ಸೆರಗು ಬಿಡಿಸಿಕೊಂಡೆ.

ಏಳನೆಯದಕ್ಕೆ ಮೀನು ಬಿತ್ತು. ಬೆಳ್ಳಿಯಂಥ ಉದ್ದ ಮೀನು, ಮೊಣಕೈಯಷ್ಟು. ನೀರಿನಿಂದ ಎರಡು ಸಲ ಹಾರಿತು. ಅವರು ಚಿಕ್ಕ ಹುಡುಗನ ಹಾಗೆ ಕೂಗಿದರು. ನಾನು ಅದರ ಹೊಟ್ಟೆ ಸೀಳಿ ಐಸಿನ ಪೆಟ್ಟಿಗೆಗೆ ಹಾಕಿದೆ. ಅದು ಸಿಕ್ಕಿದ್ದೇ ತಪ್ಪಾಯಿತೇನೋ. ಆ ಮೀನು ಬಿದ್ದಿರದಿದ್ದರೆ ಅವರು ಸೆಕೆಗೆ ಸೋತು ವಾಪಸ್ ಹೋಗುವ ಎನ್ನುತ್ತಿದ್ದರು.

"ದಿಬ್ಬದ ಮೇಲೆ ನಿಂತ್ರೆ ಆ ಕಡೆ ತುದಿಯಲ್ಲಿ ಗುಂಪೇ ಇದೆ. ನೋಡಿ, ನೀರು ಕಲಕ್ತಾ ಇದೆ" ಎಂದರು.

"ಈಗ ಬೇಡ ಸರ್" ಎಂದ ತಾಂಡೇಲ. ಡ್ಯಾಶ್‌ಬೋರ್ಡಿಗೆ ಅಂಟಿಸಿದ ಉಬ್ಬರದ ಪಟ್ಟಿಗೆ ಬೆರಳಿಟ್ಟ. "ಇದು ಹೊರಗಿನ ಬಂದರಿನ ಲೆಕ್ಕ. ಒಳಗೆ ಒಂದೂವರೆ ಗಂಟೆ ತಡ. ಮಧ್ಯಾಹ್ನ ಒಂದು ಗಂಟೆಯವರೆಗೆ ನೀರು ಏರ್ಲಿಕ್ಕುಂಟು."

ಆಗ ಹತ್ತೂವರೆ. ಅವರು ನನ್ನನ್ನು ನೋಡಿದರು. ತಾಂಡೇಲನೂ ನೋಡಿದ. "ಅಕ್ಕ, ನೀರ್ ಎಂಚ ಉಂಡು?" ಎಂದು ತುಳುವಿನಲ್ಲೇ ಕೇಳಿದ, ನೀರು ಹೇಗುಂಟು ಎಂದು.

ನಾನು ಬಗ್ಗಿ ನೋಡಿದೆ. ಬೆಳಿಗ್ಗೆಯಿಂದ ಪಡುವಣದಿಂದ ಓಡಿ ಬರುತ್ತಿದ್ದ ನೊರೆ ನಿಂತಿತ್ತು. ಒಂದು ಕಾಂಡ್ಲಾ ಎಲೆ ನಿಂತಲ್ಲೇ ಸುತ್ತು ಹಾಕುತ್ತಿತ್ತು. ಲಂಗರಿನ ಹಗ್ಗ ಸಡಿಲವಾಗಿ ಜೋತಿತ್ತು. ಅಳಿವೆಯಲ್ಲಿ ನೊರೆ ನಿಂತರೆ ನೀರು ತುಂಬಿತು ಎಂದೇ. ಅದರಲ್ಲಿ ಅನುಮಾನವೇ ಇಲ್ಲ. ನೋಡುತ್ತಿದ್ದಂತೆ ಎಲೆ ಮೆಲ್ಲಗೆ ಪಡುವಣಕ್ಕೆ ಹೊರಟಿತು, ಕಡಲಿನ ಕಡೆಗೆ.

"ತುಂಬಿ ಆಯ್ತು. ಇಕೊಳ್ಳಿ, ತಿರುಗಿತು. ಇನ್ನು ಇಳಿತವೇ. ಸ್ವಲ್ಪ ಹೊತ್ತಿಗೆ ದಿಬ್ಬ ಒಣಗ್ತದೆ. ನಿನ್ನ ಪಟ್ಟಿ ನೀರು ಓದಿಲ್ಲ ಮಾರಾಯ" ಎಂದೆ.

ತಾಂಡೇಲ ಪಟ್ಟಿಯಿಂದ ಬೆರಳು ತೆಗೆದ. ಮೂರು ಸಲ ಸೋತವನು ಎಷ್ಟು ವಾದ ಮಾಡುತ್ತಾನೆ. "ಹಾಗಾದ್ರೆ ದೋಣಿ ಆ ಕಡೆಗೆ ತರುವುದಾ?" ಎಂದು ಮಾತ್ರ ಕೇಳಿದ. ಹರಿವು ತಿರುಗಿದ ಮೇಲೆ ದೋಣಿ ಮೇಲಾಯಿತಲ್ಲ, ಕೆಳಗೆ ಇರಬೇಕು ಎಂದು.

"ಒಣಗುವ ಜಾಗಕ್ಕೆ ದೋಣಿ ಎಂತಕ್ಕೆ? ಆಮೇಲೆ ಮರಳಲ್ಲಿ ಕೂತ್ರೆ ನೂಕುವವರು ಯಾರು?" ಎಂದೆ.

ಮೈಸೂರಿನವರು ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ಹಾಕಿಕೊಂಡರು. ಹೆಗಲಿಗೆ ಪಟ್ಟಿ, ಸೊಂಟಕ್ಕೆ ಬೆಲ್ಟು, ಕಾಲಿಗೆ ಅದಕ್ಕೇ ಅಂಟಿದ ಬೂಟು. ಐಸಿನಂಥ ಹೊಳೆಯಲ್ಲಿ ನಿಲ್ಲಲಿಕ್ಕೆ ಮಾಡಿದ್ದು.

"ಈ ಸೆಕೆಗೆ ಬೇಯ್ತೀರಿ" ಎಂದೆ.

"ಇಲ್ಲಿ ತೊರಕೆ ಮೀನಿದೆ, ಬಾಲದಲ್ಲಿ ಹೊಡೆಯುತ್ತೆ ಅಂತ ಇವರೇ ಹೆದರಿಸಿದ್ರಲ್ಲ" ಎಂದು ತಾಂಡೇಲನನ್ನು ತೋರಿಸಿ ಇಳಿದರು. ನೀರು ಮೊಣಕಾಲಿಗಿಂತ ಒಂದು ಗೇಣು ಕೆಳಗೆ.

ಅವರು ದಿಬ್ಬದ ಬೆನ್ನಿನ ಮೇಲೆ ಮೆಲ್ಲಗೆ ಪಡುವಣ ತುದಿಗೆ ನಡೆದರು. ನಾನು ಸಣ್ಣ ಒಲೆಯ ಮೇಲೆ ಸಾರಿಗೆ ಇಟ್ಟು, ಮೀನಿಗೆ ಹುಳಿ ಕಿವುಚುತ್ತ ಕೂತೆ. ಸದ್ದೇ ಇರಲಿಲ್ಲ. ಬೆಳಿಗ್ಗೆ ಇದ್ದ ಬಿಳಿ ಕೊಕ್ಕರೆಗಳು ಯಾವಾಗ ಎದ್ದು ಹೋದವೋ. ತಲೆ ಎತ್ತಿದಾಗ ಕಣ್ಣಿಗೆ ಬಿದ್ದದ್ದು ದಂಡೆಯ ಕಾಂಡ್ಲಾ ಗಿಡ. ಕೆಸರಿನಿಂದ ಮೊಳೆಯಂತೆ ಎದ್ದಿದ್ದ ಬೇರುಗಳು ಮುಳುಗಿದ್ದವು. ಕಾಂಡದ ಮೇಲೆ ಏಡಿಗಳು ಹತ್ತುತ್ತಿದ್ದವು. ಒಂದೆರಡಲ್ಲ, ಹಿಂಡು ಹಿಂಡು. ಒಂದರ ಮೇಲೆ ಒಂದು ಕಾಲಿಟ್ಟು ಮೇಲಕ್ಕೆ.

ಏಡಿ ಇಳಿತಕ್ಕೆ ಹತ್ತುವುದಿಲ್ಲ. ಇಳಿತಕ್ಕೆ ಅದು ಕೆಸರಿಗೆ ಇಳಿಯುತ್ತದೆ. ಇದು ನನಗೆ ಹೊಸತಲ್ಲ. ನೋಡಿದೆ. ನೋಡಿಯೂ, ಸೆಕೆಗೆ ಹತ್ತಿರಬೇಕು ಎಂದುಕೊಂಡೆ. ಹೇಳಿದ ಮಾತು ತಪ್ಪು ಎಂದು ಒಪ್ಪುವುದಕ್ಕಿಂತ ಏಡಿಗೆ ಸೆಕೆಯಾಗಿದೆ ಎನ್ನುವುದು ಸುಲಭ. ಹುಳಿ ಕಿವುಚಿದೆ.

ಎಷ್ಟು ಹೊತ್ತು ಹೋಯಿತೋ, ತಾಂಡೇಲ ಎದ್ದು ನಿಂತ. "ಅಕ್ಕ, ಅವರ ಮೊಣಕಾಲು ಎಲ್ಲಿ?"

ನೀರು ಅವರ ತೊಡೆಗೆ ಬಂದಿತ್ತು. ನಡೆದು ಹೋದದ್ದು ದಿಬ್ಬದ ಎತ್ತರದ ಕಡೆಗೆ, ಅಂದರೆ ಇನ್ನೂ ಕಡಿಮೆಯಾಗಬೇಕಿತ್ತು. ಹರಿವು ಪಡುವಣಕ್ಕೇ ಇತ್ತು, ಇಳಿತದ ಹಾಗೆಯೇ. ಆದರೆ ನೀರು ಏರುತ್ತಿತ್ತು. ಇಳಿತದ ಮುಖ, ಭರತದ ಮೈ. ಅಂಥದ್ದನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ.

"ಕರೆ. ಬೇಗ ಕರೆ" ಎಂದೆ.

ಇಬ್ಬರೂ ಕೂಗಿದೆವು. ಅವರು ಕೈ ಎತ್ತಿ ತೋರಿಸಿದರು, ಇನ್ನೊಂದು ಎಸೆತ ಎಂದು. ಎಸೆದರು. ಆಮೇಲೆ ತಿರುಗಿ ಒಂದು ಹೆಜ್ಜೆ ಇಟ್ಟರು, ನಮ್ಮ ಕಡೆಗೆ, ಹರಿವಿಗೆ ಎದುರಾಗಿ. ಎರಡನೇ ಹೆಜ್ಜೆಗೆ ನಿಂತರು. ಮೂರನೆಯದು ಆಗಲಿಲ್ಲ.

ತಾಂಡೇಲ ಎಂಜಿನ್ ಚಾಲು ಮಾಡಿ, ಲಂಗರು ಎಳೆಯಲು ನನಗೆ ಕೈ ಮಾಡಿದ. ನಾನು ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಎಂಜಿನ್ ಕೀಂಯ್ ಎಂದು ಒಂದೇ ಸಮ ಅರಚಿತು. ತಂಪು ಮಾಡಲು ನೀರು ಎಳೆಯುವ ಬಾಯಿಗೆ ಏನೋ ಸಿಕ್ಕಿದೆ. ಅವನು ಆರಿಸಿದ, ಮತ್ತೆ ಹಾಕಿದ, ಮತ್ತೆ ಅರಚಿತು.

"ಪ್ಲಾಸ್ಟಿಕ್ ಹೋಗಿದೆ. ಬಿಚ್ಚಬೇಕು. ಹತ್ತು ನಿಮಿಷ ಬೇಕು ಅಕ್ಕ."

ಹತ್ತು ನಿಮಿಷ ಅವರ ಹತ್ತಿರ ಇರಲಿಲ್ಲ. ನೀರು ಸೊಂಟದ ಬೆಲ್ಟಿಗೆ ಬಂದಿತ್ತು. ಕೋಲಿನ ದಪ್ಪ ಬುಡವನ್ನು ಮರಳಿಗೆ ಊರಿ ಹಿಡಿದು ನಿಂತಿದ್ದರು. ಮರುವಾಯಿ ಹೆಕ್ಕಿದವರಿಗೆ ಇದು ಗೊತ್ತು: ಓಡುವ ನೀರಿನಲ್ಲಿ ನಿಂತಲ್ಲೇ ನಿಂತರೆ ಹಿಮ್ಮಡಿಯ ಕೆಳಗಿನ ಮರಳನ್ನು ನೀರು ಕದ್ದುಕೊಂಡು ಹೋಗುತ್ತದೆ. ನಿಂತಷ್ಟೂ ಗುಂಡಿ.

ಕುಡಿಯುವ ನೀರಿನ ಕ್ಯಾನು ಖಾಲಿ ಮಾಡಿ, ಮುಚ್ಚಳ ಬಿಗಿದು, ಇದ್ದ ಹಗ್ಗವನ್ನೆಲ್ಲ ಗಂಟು ಹಾಕಿ ತೇಲಿಬಿಟ್ಟೆವು. ಹರಿವು ಅವರ ಕಡೆಗೇ ಇತ್ತಲ್ಲ, ಹೋಗಿ ಮುಟ್ಟುತ್ತದೆ ಎಂದು. ಅರ್ಧ ದಾರಿಗೆ ದಿಬ್ಬದ ಅಂಚಿನ ಸುಳಿ ಅದನ್ನು ಆಳದ ಕಡೆಗೆ ಎಳೆಯಿತು. ಹಗ್ಗವೂ ಮುಗಿಯಿತು. ಎಳೆದು ತಂದು ಮತ್ತೆ ಬಿಟ್ಟೆವು. ಮತ್ತೆ ಅಲ್ಲಿಗೇ ಹೋಯಿತು. ಈಗ ಅವರಿಗೂ ಕ್ಯಾನಿಗೂ ನಡುವೆ ಮೂವತ್ತು ಹೆಜ್ಜೆ. ಅವರು ಅದನ್ನು ನೋಡುತ್ತಿದ್ದರು. ಕೂಗಲಿಲ್ಲ. ನೀರು ಎದೆಗೆ ಮುಟ್ಟಿ ಆ ರಬ್ಬರ್ ಪ್ಯಾಂಟಿನ ಬಾಯಿಯೊಳಗೆ ಇಳಿಯಲು ಶುರುವಾದದ್ದು ನನಗೆ ಇಲ್ಲಿಂದಲೇ ಕಂಡಿತು. ಹೊಟ್ಟೆಯ ಹತ್ತಿರ ಉಬ್ಬಿಕೊಂಡಿತು.

ತಾಂಡೇಲ ಎಂಜಿನ್ನಿನ ಮೇಲೆ ಬಾಗಿ ಸ್ಕ್ರೂ ಬಿಚ್ಚುತ್ತಿದ್ದ. ಸ್ಕ್ರೂ ಡ್ರೈವರ್ ಕೈಜಾರಿ ನೀರಿಗೆ ಬಿತ್ತು.

ನಾನು ಲಂಗರಿನ ಹಗ್ಗ ನೋಡಿದೆ. ಬಿಗಿದುಕೊಂಡು ಮತ್ತೆ ನಡುಗುತ್ತಿತ್ತು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅದೊಂದೇ. ಅವರು ಈಗಲೋ ಆಗಲೋ ಹೋಗುವವರು. ಹೋದರೆ ನೀರು ಅವರನ್ನು ನಮ್ಮಿಂದ ದೂರಕ್ಕೇ ಒಯ್ಯುತ್ತದೆ, ನಾವು ಇಲ್ಲಿ ಲಂಗರು ಹಾಕಿ ಕೂತು ನೋಡಬೇಕು. ನೀರನ್ನು ಹಿಡಿಯಲು ಆಗುವುದಿಲ್ಲ. ಅವರನ್ನು ಎಲ್ಲಿಗೆ ಒಯ್ಯುತ್ತದೋ ನಮ್ಮನ್ನೂ ಅಲ್ಲಿಗೇ ಒಯ್ಯಲಿ. ಒಂದೇ ನೀರು, ಒಂದೇ ಓಟ.

"ಹಗ್ಗ ಕಡೀತೇನೆ" ಎಂದೆ.

"ಹುಚ್ಚಾ ಅಕ್ಕ? ಎಂಜಿನ್ ಇಲ್ಲ. ಲಂಗರೂ ಹೋದ್ರೆ ದೋಣಿ ಖಲಾಸ್. ಮೂವರೂ ಹೋಗ್ತೇವೆ."

"ಇಬ್ಬರು ಉಳಿದು ಎಂತ ಮಾಡುದು? ಧಣಿಗಳಿಗೆ ಹೋಗಿ ಎಂತ ಹೇಳ್ತಿ? ನೀನು ಕೊಕ್ಕೆಯ ಕೋಲು ಹಿಡಿ."

ಮೀನು ಕೊಯ್ಯುವ ಚೂರಿಯೇ ಕೈಯಲ್ಲಿತ್ತು. ಬಿಗಿದ ಹಗ್ಗ, ಎರಡೇ ಎಳೆತಕ್ಕೆ ತುಂಡಾಯಿತು. ದೋಣಿ ಒಮ್ಮೆ ಗಿರಕಿ ಹೊಡೆದು ಅಡ್ಡವಾಗಿ ಹೊರಟಿತು. ಒಲೆ ಮಗುಚಿತು. ಸಾರು ಚೆಲ್ಲಿತು.

"ಕೋಲು ಬಿಡಿ ಸರ್! ಬಿಡಿ! ನಿಲ್ಲಬೇಡಿ! ಅಂಗಾತ ಮಲಗಿ, ಕಾಲು ಮುಂದೆ!" ಎಂದು ಕೂಗಿದೆ.

ಅವರು ಕೋಲು ಬಿಡಲಿಲ್ಲ. ನಮ್ಮ ದೋಣಿ ಬರುವುದನ್ನು ಕಂಡು ನಿಂತೇ ಇದ್ದರು, ಬಸ್ಸಿಗೆ ಕಾಯುವವರ ಹಾಗೆ. ನಿಂತವರನ್ನು ಓಡುವ ದೋಣಿ ಹಿಡಿಯುವುದು ಹೇಗೆ? ತಪ್ಪಿದರೆ ನಾವು ಮುಂದೆ, ಅವರು ಹಿಂದೆ.

"ಬಿಡ್ರೋ ಅದನ್ನ! ಸಾಯ್ಲಿಕ್ಕೆ ಬಂದದ್ದಾ ನೀವು?" ಎಂದು ಬೈದೆ. ಇನ್ನೂ ಏನೇನೋ ಬೈದೆ, ತುಳುವಿನಲ್ಲಿ. ಬರೆಯುವಂಥದ್ದಲ್ಲ.

ಆಗ ಬಿಟ್ಟರು. ಅಂಗಾತ ಬಿದ್ದರು, ಕಾಲು ಮುಂದಕ್ಕೆ ಬಂತು. ಹೊಳೆಯವರಿಗೆ ಅಷ್ಟು ಗೊತ್ತಿರುತ್ತದೆ. ನೀರು ಅವರನ್ನು ಎತ್ತಿಕೊಂಡು ಹೋಯಿತು, ಹಿಂದೆ ನಾವು. ನಡುವೆ ಹತ್ತು ಹೆಜ್ಜೆ. ಹೆಚ್ಚಾಗಲೂ ಇಲ್ಲ, ಕಡಿಮೆಯಾಗಲೂ ಇಲ್ಲ. ತಾಂಡೇಲ ಐಸಿನ ಪೆಟ್ಟಿಗೆಯ ಮುಚ್ಚಳದಲ್ಲಿ ನೀರು ತೋಡಿ ತೋಡಿ ದೋಣಿಯ ಮೂತಿ ತಿರುಗಿಸಿದ. ನಾನು ಒಲೆ ಇಟ್ಟಿದ್ದ ಹಲಗೆ ತೆಗೆದು ಇನ್ನೊಂದು ಕಡೆ ಹುಟ್ಟು ಹಾಕಿದೆ. ಅವರ ತಲೆ ಎರಡು ಸಲ ಒಳಗೆ ಹೋಗಿ ಬಂತು. ಮೂರನೇ ಸಲ ಹೋದಾಗ ತಾಂಡೇಲ ಕೊಕ್ಕೆ ಚಾಚಿ ಬೆಲ್ಟಿಗೆ ಸಿಕ್ಕಿಸಿದ.

ಹಿಡಿದದ್ದೇನೋ ಹಿಡಿದೆವು, ಎತ್ತಲು ಆಗಲಿಲ್ಲ. ಪ್ಯಾಂಟಿನ ತುಂಬ ನೀರು. ನಾವಿಬ್ಬರು ಎಳೆದರೆ ದೋಣಿಯೇ ಮಗುಚುವ ಹಾಗೆ ವಾಲಿತು. ತಾಂಡೇಲ ಅವರ ಕಂಕುಳಿಗೆ ಕೈ ಹಾಕಿ ತಲೆ ಮಾತ್ರ ಮೇಲೆ ಹಿಡಿದ. ನಾನು ಹೆಗಲ ಪಟ್ಟಿ ಕೊಯ್ದೆ, ಬೆಲ್ಟು ಕೊಯ್ದೆ, ಆಮೇಲೆ ತೋಳು ಪೂರ್ತಿ ಮುಳುಗಿಸಿ ತೊಡೆಯಿಂದ ಕೆಳಕ್ಕೆ ರಬ್ಬರನ್ನು ಸೀಳಿದೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಕ್ಕಿದ ಹಾಗೆ. ಚೂರಿ ಮಾಂಸಕ್ಕೂ ಹೋಯಿತು. ನೀರು ಕೆಂಪಾಯಿತು. ಅವರು ಕೂಗಿದರು. ಕೂಗಿದ್ದು ಒಳ್ಳೆಯದಾಯಿತು, ಉಸಿರು ಇದೆ ಎಂದು ಗೊತ್ತಾಯಿತು. ಸೀಳಿದಲ್ಲಿಂದ ನೀರು ಹೋಯಿತು, ಮೈ ಹಗುರಾಯಿತು. ಮೀನನ್ನು ಎಳೆದು ಹಾಕಿದ ಹಾಗೆ ದೋಣಿಗೆ ಎಳೆದು ಹಾಕಿದೆವು.

ದೋಣಿ ಸೀದಾ ಹೋಗಿ ಕಾಂಡ್ಲಾ ಕಾಡಿಗೆ ನುಗ್ಗಿ ಗಿಡಗಳ ನಡುವೆ ಸಿಕ್ಕಿಕೊಂಡಿತು. ಟಪಟಪ ಎಂದು ಏಡಿಗಳು ಕೊಂಬೆಯಿಂದ ನಮ್ಮ ತಲೆಯ ಮೇಲೆ ಉದುರಿದವು.

ಅವರ ಮೀನಖಂಡಕ್ಕೆ ನನ್ನ ಸೆರಗು ಹರಿದು ಕಟ್ಟಿದೆ. ಆ ಸೆಕೆಯಲ್ಲೂ ಅವರ ಹಲ್ಲು ಕಟಕಟ ಎನ್ನುತ್ತಿತ್ತು. ಕುಡಿಯುವ ನೀರನ್ನು ಕ್ಯಾನಿನಿಂದ ಚೆಲ್ಲಿದವರು ನಾವೇ. ಐಸಿನ ಪೆಟ್ಟಿಗೆಯಲ್ಲಿ ಕರಗಿದ ನೀರನ್ನು, ಮೀನಿನ ನಾತದ್ದನ್ನು, ಕುಡಿಸಿದೆ. ತಾಂಡೇಲ ನನ್ನ ಚೂರಿಯ ತುದಿಯಿಂದಲೇ ಸ್ಕ್ರೂ ಬಿಚ್ಚಿ, ಎಂಜಿನ್ನಿನ ಬಾಯಿಯಿಂದ ಅಂಗೈ ಅಗಲದ ಪ್ಲಾಸ್ಟಿಕ್ ತುಂಡು ತೆಗೆದ. ಅದನ್ನು ಎಸೆಯದೆ ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತ.

ನೀರು ಇನ್ನೂ ಏರುತ್ತಿತ್ತು. ನಾನು ಒಂದು ಕಾಂಡದ ಮೇಲೆ ಚೂರಿಯಿಂದ ಗೆರೆ ಎಳೆದೆ. ಗೆರೆ ಮುಳುಗಿತು. ಮೇಲೆ ಇನ್ನೊಂದು ಎಳೆದೆ. ಅದೂ ಮುಳುಗಿತು. ಮೂರನೆಯದರ ಹತ್ತಿರ ಬಂದು ನಿಂತಾಗ ತಾಂಡೇಲನ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ. ಅವನ ಪಟ್ಟಿ ಹೇಳಿದ ಹೊತ್ತು.

ಆಗ ನನಗೆ ತಿಳಿಯಿತು. ನಮ್ಮ ಅಳಿವೆಗೆ ಒಂದೇ ಬಾಯಿ. ಬಂದ ನೀರು ನಿಂತಿತು ಎಂದರೆ ತುಂಬಿತು, ತಿರುಗಿತು ಎಂದರೆ ಇಳಿಯಿತು. ಇಲ್ಲಿ ಹೂಳು ತೆಗೆದು ಮೂಡಣದ ಬಾಯಿ ತೆರೆದಿದ್ದರು. ಪಡುವಣದಿಂದ ಮೊದಲು, ಮೂಡಣದಿಂದ ಸುತ್ತಿ ತಡವಾಗಿ, ಎರಡು ಕಡೆಯಿಂದ ಬಂದ ನೀರು ದಿಬ್ಬದ ಹತ್ತಿರ ಎದುರಾಗಿ ಒಂದು ಗಳಿಗೆ ನಿಂತಿತು. ಆಮೇಲೆ ಬಲವಿದ್ದ ಮೂಡಣದ್ದು ಪಡುವಣದ್ದನ್ನು ನೂಕಿಕೊಂಡು ಹೊರಟಿತು. ನಾನು ಇಳಿತ ಎಂದದ್ದು ಇನ್ನೊಂದು ಬಾಯಿಯ ಭರತ. ತಾಂಡೇಲ ಬೆಳಿಗ್ಗೆಯೇ ಹೂಳಿನ ಸುದ್ದಿ ಹೇಳಿದ್ದ. ನಮಗೆಂತ ಎಂದಿದ್ದೆ.

ಎಂಜಿನ್ ಹಿಡಿಯಿತು. ನೀರು ಇಳಿದು ಕೆಸರಲ್ಲಿ ಸಿಕ್ಕಿಬೀಳುವ ಮೊದಲು ಹೊರಗೆ ಬಂದೆವು.

ಕ್ಲಿನಿಕ್ಕಿನಲ್ಲಿ ಅವರ ಕಾಲಿಗೆ ಹೊಲಿಗೆ ಹಾಕಿಸಿ ಸಂಜೆ ಮೆಸ್ಸಿಗೆ ತಂದು ಕೂರಿಸಿದರು. ಧಣಿಗಳು ಬಂದು ತಾಂಡೇಲನನ್ನು ನಿಲ್ಲಿಸಿಕೊಂಡು ಕೇಳಿದರು, "ನೀರು ಏರುವಾಗ ಯಾಕೆ ಇಳಿಸಿದೆ? ಪಟ್ಟಿ ಓದ್ಲಿಕ್ಕೆ ಬರುದಿಲ್ವಾ ನಿಂಗೆ?"

ತಾಂಡೇಲ ತಲೆ ತಗ್ಗಿಸಿ ನಿಂತ. ನನ್ನ ಕಡೆ ನೋಡಲೂ ಇಲ್ಲ.

"ಅವನು ಬೇಡ ಅಂದ. ಇಳಿತ ಅಂದದ್ದು ನಾನು" ಎಂದೆ.

"ನೀನು ಅಡುಗೆಯವಳು. ದೋಣಿ ಅವನದ್ದು" ಎಂದರು ಧಣಿಗಳು. ಎರಡು ತಿಂಗಳು ಅವನನ್ನು ದೋಣಿಯಿಂದ ತೆಗೆದು ಫೈಬರ್ ಉಜ್ಜುವ ಕೆಲಸಕ್ಕೆ ಹಾಕಿದರು. ನನ್ನನ್ನು ಏನೂ ಮಾಡಲಿಲ್ಲ. ಅಷ್ಟಾದರೂ ತಾಂಡೇಲ ನನ್ನ ಹತ್ತಿರ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಸರಿಯಾಗುತ್ತಿತ್ತು.

ಮೈಸೂರಿನವರಿಗೆ ಗಂಜಿ, ಚಟ್ನಿ ಕೊಟ್ಟೆ. ಅವರು ಫೋನಿನಲ್ಲಿ ಹೆಂಡತಿಯ ಹತ್ತಿರ ಮಾತಾಡುತ್ತಿದ್ದರು. "ಇಲ್ಲೊಬ್ರು ಅಮ್ಮ ಇದಾರೆ ಕಣೇ. ಅವರು ಹಗ್ಗ ಕಡೀದೇ ಇದ್ದಿದ್ರೆ ನಾನು ಇವತ್ತು ಇರ್ತಿರ್ಲಿಲ್ಲ. ದೇವರ ಹಾಗೆ ಬಂದ್ರು."

"ಸರ್, ಅವರಿಗೆ ಪೂರ್ತಿ ಹೇಳಿ" ಎಂದೆ.

ಅವರು ಫೋನನ್ನು ಎದೆಗೆ ಒತ್ತಿ ಹಿಡಿದು ನೋಡಿದರು.

"ಹಗ್ಗ ಕಡಿದದ್ದು ಆಮೇಲೆ. ಇಳಿಯಬಹುದು ಅಂತ ಮೊದಲು ಹೇಳಿದ್ದೂ ನಾನೇ. ಅದನ್ನೂ ಹೇಳಿ."

"ಗೊತ್ತು ಅಮ್ಮ. ನಿಮ್ಮ ಮಾತು ಕೇಳ್ಕೊಂಡೇ ಅಲ್ವಾ ನಾನು ಇಳಿದಿದ್ದು" ಎಂದರು. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಫೋನು ಕಿವಿಗಿಟ್ಟು ಹೆಂಡತಿಗೆ, "ಏನಿಲ್ಲ, ಊಟಕ್ಕೆ ಕರೀತಿದಾರೆ" ಎಂದರು.

ಅವರು ಮತ್ತೆ ಗಾಳಕ್ಕೆ ಬರಲಿಲ್ಲ. ಒಂದು ಸಲ ಧಣಿಗಳಿಗೆ ಫೋನು ಮಾಡಿ, ಕಾಲು ವಾಸಿಯಾಯ್ತು, ಚಳಿಗಾಲಕ್ಕೆ ಬರ್ತೀನಿ, ಗರಿ ಕಟ್ಟಿಡಿ ಎಂದಿದ್ದರಂತೆ. ನಾನು ಕಟ್ಟಲಿಲ್ಲ. ಬರದೇ ಇದ್ದದ್ದೇ ಒಳ್ಳೆಯದು. ಬಂದಿದ್ದರೆ ದೋಣಿಯಿಂದ ಕಾಲು ಇಳಿಸುವ ಮೊದಲು ನನ್ನ ಮುಖವನ್ನೇ ನೋಡುತ್ತಿದ್ದರು. ನಾನೂ ಬಗ್ಗಿ ನೀರು ನೋಡಿ ಏನಾದರೂ ಒಂದು ಹೇಳಿಯೇ ಬಿಡುತ್ತಿದ್ದೆ.